ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂತು, ನಮ್ಮ ಕಾಕಾನ ಕೈ ಮಾತ್ರ ಇನ್ನೂ ಮೂಲೆಗೇ ಹೋಗುತ್ತಿದೆ

ಜಗತ್_ಡಿಟಿಪಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಜೊತೆಗೆ ಆನ್‌ಲೈನ್ ಅರ್ಜಿ, ಪಹಣಿ, ಜೆರಾಕ್ಸ್, ಲ್ಯಾಮಿನೇಶನ್. ಒಟ್ಟು ನಾಲ್ಕು ಸಿಸ್ಟಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತಲ್ಲ, ಅದಕ್ಕೇ ಮೂರನ್ನು 11ಕ್ಕೆ ಏರಿಸಿದೆ. ನಾಲ್ಕನೆಯದು ಏರಲಿಲ್ಲ. ಅದರ ಕಥೆ ಆಮೇಲೆ.

ನನ್ನ ಅಂಗಡಿಯಲ್ಲಿ ಟೈಪ್ ಮಾಡುವವರನ್ನು ಎಲ್ಲರೂ ಕಾಕಾ ಅಂತಾರೆ. ವಯಸ್ಸು 58. ಟೈಪ್‌ರೈಟರ್ ಮೇಲೆ ಕಲಿತವರು. ನುಡಿ ತಂತ್ರಾಂಶದಲ್ಲಿ ಕನ್ನಡ ಹೊಡೆಯುವಾಗ ಕೀಬೋರ್ಡ್ ಕಡೆ ನೋಡುವುದಿಲ್ಲ, ಎದುರು ಕೂತ ಗಿರಾಕಿ ಜೊತೆ ಮಳೆ ಬೆಳೆ ಮಾತಾಡುತ್ತಲೇ ಎರಡು ಪುಟ ಮುಗಿಸುತ್ತಾರೆ. ಮೌಸ್ ಕೂಡ ಹಾಗೇ. ಕೈಯನ್ನು ಎಡಗಡೆ ಕೆಳಗೆ ಸುಮ್ನೆ ಎಸೆದರೆ ಸಾಕು, ಬಾಣ ಮೂಲೆಗೆ ಹೋಗಿ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತಿತ್ತು. ಕ್ಲಿಕ್. ಸ್ಟಾರ್ಟ್. ಗುರಿ ಇಡುವ ಕೆಲಸವೇ ಇರಲಿಲ್ಲ.

ಈಗ ಏನಾಗುತ್ತಿದೆ ಕೇಳಿ. ಮೊನ್ನೆ ಒಂದು ಅರ್ಜಿಗೆ ಕೊನೆಯ ದಿನ. ಬಾಗಿಲ ತನಕ ಸಾಲು. ಕಾಕಾ ಅಭ್ಯಾಸದಂತೆ ಮೂಲೆಗೆ ಕೈ ಎಸೆದರು. ಅಲ್ಲಿ ಈಗ ಸ್ಟಾರ್ಟ್ ಇಲ್ಲ, ಹವಾಮಾನದ ವಿಜೆಟ್ ಇದೆ. ಬಾಣ ಅದರ ಮೇಲೆ ನಿಂತರೂ ಸಾಕು, ಅರ್ಧ ಪರದೆ ತುಂಬ ಸುದ್ದಿ, ಕ್ರಿಕೆಟ್, ಷೇರು ಎಲ್ಲ ತೆರೆದುಕೊಳ್ಳುತ್ತದೆ. ಕೆಳಗೆ ಅರ್ಜಿ ಮುಚ್ಚಿಹೋಯಿತು. ಕಾಕಾ ಗಾಬರಿಯಾಗಿ ಎರಡು ಸಲ ಒತ್ತಿದರು, ಬ್ರೌಸರ್‌ನಲ್ಲಿ ಯಾವುದೋ ಸುದ್ದಿ ಬಂತು. ಎದುರಿದ್ದ ಹುಡುಗಿ "ಅಂಕಲ್, ನನ್ನ ಫಾರ್ಮ್ ಹೋಯ್ತಾ?" ಅಂತ ಅಳುವ ಹಾಗಾದಳು. ಫಾರ್ಮ್ ಎಲ್ಲೂ ಹೋಗಿರಲಿಲ್ಲ, ಹಿಂದೆಯೇ ಇತ್ತು. ಆದರೆ ಕಾಕಾ ಆ ದಿನ ಮಧ್ಯಾಹ್ನದ ಮೇಲೆ ಮೌಸ್ ಮುಟ್ಟಲಿಲ್ಲ. "ನನಗೆ ವಯಸ್ಸಾಯಿತಪ್ಪಾ" ಅಂದರು. ನನಗೆ ಬೇಜಾರಾಗಿದ್ದು ಅದಕ್ಕೆ.

ಕಲಬುರಗಿಯವರಿಗೆ ಬಿಸಿಲು ಎಷ್ಟಿದೆ ಅಂತ ಹೇಳೋಕೆ ಒಂದು ವಿಜೆಟ್ ಬೇರೆ ಬೇಕಿತ್ತಾ?

ನಿಮ್ಮ ಕಡೆ ಹೇಗಿದೆ? ಒಗ್ಗಿಕೊಂಡವರು ಇದ್ದೀರಾ?

ಕೊನೆ_ಬೆಂಚ್ (ಕಲಬುರಗಿ)

ಅಣ್ಣಾ, ಬೇಜಾರು ಮಾಡ್ಕೋಬೇಡಿ, ಆದರೆ 11 ಬಂದಿದ್ದು 2021ರ ಅಕ್ಟೋಬರ್ 5ಕ್ಕೆ. ಈಗ ದೂರುವುದು ತಡವಾಗಲಿಲ್ವಾ? ನನಗೆ ಲ್ಯಾಪ್‌ಟಾಪ್ ಕೊಂಡಾಗಿನಿಂದ ಇದೇ. ಚೆನ್ನಾಗಿದೆ. ಮೂಲೆಗಳು ದುಂಡಗೆ, ಕಣ್ಣಿಗೆ ತಂಪು. ಕಿಟಕಿಯ ದೊಡ್ಡದು ಮಾಡುವ ಬಟನ್ ಮೇಲೆ ಬಾಣ ಇಟ್ಟರೆ ಪರದೆಯನ್ನು ಎರಡು, ಮೂರು, ನಾಲ್ಕು ಭಾಗ ಮಾಡಿಕೊಡುತ್ತದೆ. ವಿಂಡೋಸ್ ಕೀ ಜೊತೆ ಝಡ್ ಒತ್ತಿದರೂ ಅದೇ. ಒಂದು ಕಡೆ ಪಿಡಿಎಫ್, ಒಂದು ಕಡೆ ನೋಟ್ಸ್. ಹತ್ತರಲ್ಲಿ ಇಷ್ಟು ಸಲೀಸು ಇರಲಿಲ್ಲ.

ಕಾಕಾಗೆ ಎರಡು ನಿಮಿಷದ ಔಷಧ: ಪರದೆಯ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್ ಮೇಲೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್. ಅಲ್ಲಿ ವಿಜೆಟ್ಸ್ ಆಫ್ ಮಾಡಿ. ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ತೆರೆದು ಅಲೈನ್‌ಮೆಂಟ್ ಲೆಫ್ಟ್ ಮಾಡಿ. ಸ್ಟಾರ್ಟ್ ವಾಪಸ್ ಮೂಲೆಗೆ ಬರುತ್ತದೆ. ಇಷ್ಟಕ್ಕೆ ಇಷ್ಟು ದೊಡ್ಡ ಪೋಸ್ಟಾ?

ತೊಗರಿ_ಲೆಕ್ಕ (ಕಲಬುರಗಿ)

ತಮ್ಮಾ ಕೊನೆ ಬೆಂಚ್, ನೀನು ಲ್ಯಾಪ್‌ಟಾಪ್ ಕೊಂಡಾಗಿನಿಂದ ಇದನ್ನೇ ನೋಡಿದವನು. ನಿನಗೆ ಬಿಡಬೇಕಾದದ್ದು ಏನೂ ಇರಲಿಲ್ಲ. ಇಲ್ಲಿರುವವರ ತೊಂದರೆ ಹೊಸದನ್ನು ಕಲಿಯುವುದಲ್ಲ, ಹಳೆಯದನ್ನು ಮರೆಯುವುದು. ಮರೆಯುವುದು ಕಷ್ಟ ಕಣಪ್ಪಾ. ಯಾವ ಟ್ಯೂಶನ್‌ನಲ್ಲೂ ಹೇಳಿಕೊಡುವುದಿಲ್ಲ.

ನಾನು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಈಗ ತೊಗರಿ ಸೀಸನ್. ಎಪಿಎಂಸಿಯಿಂದ ಗಾಡಿ ಬಂದು ನಿಲ್ಲುತ್ತವೆ, ತೂಕದ ಚೀಟಿ ಕೈಯಲ್ಲಿ, ಡ್ರೈವರ್ ಕಿಟಕಿಯಲ್ಲಿ. ನನಗೆ ಟಾಸ್ಕ್‌ಬಾರ್ ಎಡಕ್ಕಿದ್ದರೇನು ಬಲಕ್ಕಿದ್ದರೇನು, ದಿನವಿಡೀ ಇರುವುದು ಟ್ಯಾಲಿ ಅನ್ನುವ ಲೆಕ್ಕದ ತಂತ್ರಾಂಶದೊಳಗೆ. 2020ರ ನವೆಂಬರ್‌ನಲ್ಲಿ ಅದರ ಹಳೇ ಆವೃತ್ತಿ ಇಆರ್‌ಪಿ 9 ಹೋಗಿ ಹೊಸದು ಟ್ಯಾಲಿಪ್ರೈಮ್ ಬಂದಾಗ ನಮ್ಮವರೆಲ್ಲ ಇದೇ ರಾಗ ಹಾಡಿದ್ದರು. ಪರದೆ ಪೂರ್ತಿ ಬದಲಾಗಿತ್ತು, ಬಟನ್‌ಗಳು ಎಲ್ಲೆಲ್ಲೋ ಹೋಗಿದ್ದವು. ಆದರೆ ಒಂದು ಪುಣ್ಯ ಮಾಡಿದ್ದರು. ಮುಖ್ಯ ವೋಚರ್ ಕೀಗಳನ್ನು ಮುಟ್ಟಲಿಲ್ಲ. ಎಫ್5 ಪಾವತಿ, ಎಫ್6 ರಶೀದಿ, ಎಫ್8 ಮಾರಾಟ, ಎಫ್9 ಖರೀದಿ. ಹಾಗಾಗಿ ಕಣ್ಣು ಒಂದು ವಾರ ಬೈದುಕೊಂಡಿತು, ಬೆರಳು ಮೊದಲ ದಿನವೇ ಕೆಲಸ ಶುರು ಮಾಡಿತು. ಈಗ ಯಾರಾದರೂ ಹಳೇ ಟ್ಯಾಲಿ ಕೊಟ್ಟರೆ ನನಗೇ ಬೇಡ.

ಬದಲಾಯಿಸಿ, ಬೇಡ ಅನ್ನುವುದಿಲ್ಲ. ಕೈಗೆ ಗೊತ್ತಿರುವುದನ್ನು ಬಿಟ್ಟು ಬೇರೆ ಬದಲಾಯಿಸಿ.

ಯಾದಗಿರಿ_ನಿವೃತ್ತ (ಯಾದಗಿರಿ)

ಎಲ್ಲರ ಮಾತು ಓದಿದೆ. ನಾನು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆಯಿಂದ ಶುರು ಮಾಡಿ ನಿವೃತ್ತನಾದವನು. ಈ ಜಗಳ ನನಗೆ ಎಷ್ಟನೇ ಸಲವೋ.

ಸ್ಟಾರ್ಟ್ ಬಟನ್ ಮೊದಲು ಬಂದಿದ್ದು ವಿಂಡೋಸ್ 95ರಲ್ಲಿ, 1995ರ ಆಗಸ್ಟ್‌ನಲ್ಲಿ. ನಮ್ಮ ಕಚೇರಿಗೆ ಬರುವ ಹೊತ್ತಿಗೆ 98 ಆಗಿತ್ತು ಅನ್ನಿ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಆಗ ಹಿರಿಯ ಗುಮಾಸ್ತರು ಬೈದರು, "ನಿಲ್ಲಿಸೋಕೆ ಸ್ಟಾರ್ಟ್ ಅಂತ ಒತ್ತಬೇಕಂತೆ, ಇದೆಂಥ ಬುದ್ಧಿ?" ಅಂತ. 2001ರಲ್ಲಿ ಎಕ್ಸ್‌ಪಿ ಬಂತು, ನೀಲಿ ಹಸಿರು ನೋಡಿ "ಮಕ್ಕಳ ಆಟಿಕೆ ಇದ್ದ ಹಾಗಿದೆ" ಅಂದರು. ಅದೇ ಎಕ್ಸ್‌ಪಿಯನ್ನು ಕಿತ್ತುಹಾಕುವಾಗ ಅತ್ತವರೂ ಅವರೇ. ಆಫೀಸ್ 2007ರಲ್ಲಿ ಮೆನು ಹೋಗಿ ರಿಬ್ಬನ್ ಅನ್ನುವ ಬಟನ್‌ಗಳ ಪಟ್ಟಿ ಬಂದಾಗ ನಾನೇ ಮೂರು ದಿನ ಪ್ರಿಂಟ್ ಎಲ್ಲಿದೆ ಅಂತ ಹುಡುಕಿದೆ. ದುಂಡಗಿನ ಒಂದು ಬಟನ್‌ನೊಳಗೆ ಅಡಗಿಸಿಟ್ಟಿದ್ದರು. ಅದು ಬಟನ್ ಅಂತಲೇ ನನಗೆ ಹೊಳೆದಿರಲಿಲ್ಲ, ಲಾಂಛನ ಅಂದುಕೊಂಡಿದ್ದೆ.

ಎಲ್ಲಕ್ಕಿಂತ ದೊಡ್ಡ ರಾದ್ಧಾಂತ ಅಂದರೆ 2012ರ ಅಕ್ಟೋಬರ್‌ನ ವಿಂಡೋಸ್ 8. ಸ್ಟಾರ್ಟ್ ಬಟನ್ನೇ ತೆಗೆದುಬಿಟ್ಟರು. ಪರದೆ ತುಂಬ ಬಣ್ಣಬಣ್ಣದ ಚೌಕ. ಶಟ್‌ಡೌನ್ ಮಾಡೋದು ಗೊತ್ತಾಗದೆ ಜನ ಸ್ವಿಚ್ ಆರಿಸಿ ಮನೆಗೆ ಹೋದರು. ಒಂದೇ ವರ್ಷಕ್ಕೆ 8.1ರಲ್ಲಿ ಬಟನ್ ವಾಪಸ್ ಬಂತು, 2015ರಲ್ಲಿ ಹತ್ತು ಬಂದಾಗ ಮೆನುವೂ ಬಂತು. ಆದ್ದರಿಂದ ಬೈಯುವುದು ದಂಡ ಅಂತ ಯಾರೂ ತಿಳಿಯಬೇಡಿ. ಬೈದದ್ದಕ್ಕೇ ಅದು ತಿರುಗಿ ಬಂದದ್ದು.

ಒಂದು ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಪರದೆಯ ಮೇಲೆ ಕನ್ನಡ ಅಕ್ಷರ ಪ್ರತಿ ಸಲವೂ ಸುಧಾರಿಸಿದೆ. ಎಕ್ಸ್‌ಪಿ ಕಾಲದ ತುಂಗಾ ಅಕ್ಷರ ಸಣ್ಣ ಸೈಜಿನಲ್ಲಿ ಒತ್ತಕ್ಷರವನ್ನೆಲ್ಲ ಇರುವೆ ಮಾಡುತ್ತಿತ್ತು. ವಿಂಡೋಸ್ 8ರಿಂದ ನಿರ್ಮಲಾ ಫಾಂಟ್ ಬಂದ ಮೇಲೆ ಕಣ್ಣಿಗೆ ಆರಾಮ. ಅಷ್ಟೊಂದು ಬೈಸಿಕೊಂಡ ವಿಂಡೋಸ್ 8 ಕನ್ನಡಕ್ಕೆ ಮಾತ್ರ ಉಪಕಾರ ಮಾಡಿತು.

ಜಗತ್_ಡಿಟಿಪಿ

ಕೊನೆ ಬೆಂಚ್ ತಮ್ಮಾ, ನೀನು ಹೇಳಿದ ಹಾಗೆ ಎಡಕ್ಕೆ ಮಾಡಿದೆ. ವಿಜೆಟ್ ಆಫ್. ಥ್ಯಾಂಕ್ಸ್. ಕಾಕಾ ಮುಖದಲ್ಲಿ ಅರ್ಧ ಕಳೆ ಬಂತು.

ಒಂದು ವಿಷಯ ಗಮನಿಸಿದ್ದೀರಾ? ಮಧ್ಯದಲ್ಲಿ ಇದ್ದಾಗ ಸ್ಟಾರ್ಟ್ ಒಂದು ಕಡೆ ನಿಲ್ಲುವುದೇ ಇಲ್ಲ. ಇನ್ನೊಂದು ಪ್ರೋಗ್ರಾಂ ತೆರೆದರೆ ಸಾಲು ಉದ್ದವಾಗಿ ಸ್ಟಾರ್ಟ್ ಎಡಕ್ಕೆ ಸರಿಯುತ್ತದೆ. ಮುಚ್ಚಿದರೆ ಬಲಕ್ಕೆ. ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ದಿನಾ ಮನೆ ಬಾಗಿಲು ಅರ್ಧ ಗೇಣು ಸರಿದರೆ ಕತ್ತಲಲ್ಲಿ ಹೇಗೆ ನುಗ್ಗುವುದು?

ಉಳಿದ ಅರ್ಧ ಕಳೆಯ ವಿಷಯ: ರೈಟ್ ಕ್ಲಿಕ್. ಅಲ್ಲಿ ನಮಗೆ ಬೇಕಾದದ್ದು ಯಾವುದೂ ಕಾಣುವುದಿಲ್ಲ. "ಶೋ ಮೋರ್ ಆಪ್ಶನ್ಸ್" ಒತ್ತಿದ ಮೇಲೆ ಹಳೇ ಪಟ್ಟಿ ಬರುತ್ತದೆ. ದಿನಕ್ಕೆ ನೂರಾರು ಸಲ ಒಂದು ಕ್ಲಿಕ್ ಜಾಸ್ತಿ.

ಹಾರ್ಡ್‌ವೇರ್_ಹುಡುಗ (ಕಲಬುರಗಿ)

ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ ಅಣ್ಣಾ. ನೇರ ಹಳೇ ಪಟ್ಟಿ. ಇಲ್ಲಾ ಫೈಲ್ ಆರಿಸಿ ಶಿಫ್ಟ್ ಎಫ್10. ಕಟ್, ಕಾಪಿ, ಪೇಸ್ಟ್ ಮೊದಲು ಬರೀ ಚಿತ್ರ ಆಗಿದ್ದವು, 11ರ 24ಎಚ್2 ಆವೃತ್ತಿಯಲ್ಲಿ ಕೆಳಗೆ ಹೆಸರೂ ಬಂತು. ಅದಕ್ಕಿಂತ ಹಳೇ ಆವೃತ್ತಿ ಇದ್ದರೆ ಅಪ್‌ಡೇಟ್ ಮಾಡಿಕೊಳ್ಳಿ. ಯೂಟ್ಯೂಬ್ ನೋಡಿ ರಿಜಿಸ್ಟ್ರಿ, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ದಾಖಲೆ, ತಿದ್ದೋಕೆ ಮಾತ್ರ ಹೋಗಬೇಡಿ. ಹಾಗೆ ತಿದ್ದಿದ ಮೂರು ಸಿಸ್ಟಮ್ ಈಗ ನನ್ನ ಟೇಬಲ್ ಮೇಲಿವೆ.

ಆದರೆ ನೀವೆಲ್ಲ ಬಣ್ಣ ಬಟನ್ ಅಂತ ಮಾತಾಡ್ತಾ ಇದ್ದೀರಿ. ನನ್ನ ಅಂಗಡಿಗೆ ಬರುವ ಜನರ ಸಂಕಟವೇ ಬೇರೆ. ಹೊಸ ಮುಖ ಇಷ್ಟ ಆಯ್ತೋ ಇಲ್ವೋ ಆಮೇಲಿನ ಮಾತು, ಅವರ ಸಿಸ್ಟಮ್‌ಗೆ ಆ ಮುಖ ನೋಡುವ ಭಾಗ್ಯವೇ ಇಲ್ಲ. 11 ಹಾಕಲು ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಶನ್ ಅಥವಾ ಮೇಲೆ, ಟಿಪಿಎಂ 2.0 ಅನ್ನುವ ಸುರಕ್ಷತೆಯ ವ್ಯವಸ್ಥೆ, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ನಮ್ಮ ಕಡೆ ಮನೆಮನೆಯಲ್ಲಿ ಇರುವುದು ಸೆಕೆಂಡ್ ಹ್ಯಾಂಡ್. ಬೇರೆ ಊರಿನ ಆಫೀಸುಗಳು ಬಳಸಿ ಬಿಟ್ಟ ಆರನೇ ಜನರೇಶನ್ ಐ3, ಐ5. ಗಟ್ಟಿ ಮಷೀನು. ಎಸ್‌ಎಸ್‌ಡಿ ಹಾಕಿದರೆ ಕುದುರೆ ಹಾಗೆ ಓಡುತ್ತದೆ. ಅದಕ್ಕೆ "ನೀನು ಬೇಡ" ಅಂತಿದೆ.

ಜಗತ್ ಅಣ್ಣನ ನಾಲ್ಕನೇ ಸಿಸ್ಟಮ್ ಕಥೆ ಇದೇ ಅಂತ ಗೊತ್ತು, ನೋಡಿದವನು ನಾನೇ.

ಸುರಪುರ_ಟೀಚರ್ (ಯಾದಗಿರಿ ಜಿಲ್ಲೆ)

ನಮ್ಮ ಶಾಲೆಯ ಲ್ಯಾಬ್‌ಗೆ ಹೊಸ ಸಿಸ್ಟಮ್ ಬಂದಿವೆ, ಎಲ್ಲದರಲ್ಲೂ 11. ನಾನು ಹೆದರಿಕೊಂಡೇ ಹೋಗಿದ್ದೆ. ಮಕ್ಕಳು ನನಗಿಂತ ಮೊದಲೇ ಕಲಿತರು.

ಆರನೇ ತರಗತಿಯ ಒಬ್ಬ ಹುಡುಗ ಮೊದಲ ದಿನ ಮಾನಿಟರ್ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆದ. ಏನೂ ಆಗಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಎಳೆದ. "ಮೇಡಂ, ಟಚ್ ಕೆಟ್ಟಿದೆ" ಅಂದ. ಅವನು ನೋಡಿರುವುದು ಅಪ್ಪನ ಫೋನ್ ಮಾತ್ರ. ಅವನ ಮಟ್ಟಿಗೆ ಕೆಳಗೆ ಮಧ್ಯದಲ್ಲಿ ಒಂದು ಸಾಲು ಚಿತ್ರ ಇರುವುದೇ ಸರಿ. ಫೋನಿನಲ್ಲೂ ಹಾಗೇ ಅಲ್ವಾ? ಮೌಸ್ ಹಿಡಿಯುವುದೇ ಅವರಿಗೆ ದೊಡ್ಡ ಪಾಠ. ಡಬಲ್ ಕ್ಲಿಕ್ ಅಂತೂ ಮಂತ್ರ ಇದ್ದ ಹಾಗೆ. ಒಂದಕ್ಕೊಂದು ಹೊಂದದ ಹಾಗೆ ಟಕ್... ಟಕ್... ಅಂತ ಒತ್ತುತ್ತಾರೆ, ಫೈಲ್ ಹೆಸರು ಬದಲಿಸುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಆ ಲ್ಯಾಬ್‌ನಲ್ಲಿ ಈಗ ಎಷ್ಟು ಫೋಲ್ಡರ್‌ಗೆ "ಕಕಕಕಕ" ಅಂತ ಹೆಸರಿದೆಯೋ ಲೆಕ್ಕ ಇಟ್ಟಿಲ್ಲ.

ಹಾಗಾಗಿ ಜಗತ್ ಅವರೇ, ಕಾಕಾ ತಪ್ಪೂ ಅಲ್ಲ, ವಿನ್ಯಾಸ ಮಾಡಿದವರ ತಪ್ಪೂ ಅಲ್ಲ ಅನ್ನಿಸುತ್ತದೆ. ಅವರು ಈ ಹುಡುಗನನ್ನು ನೋಡಿ ಮಾಡಿದ್ದಾರೆ.

ತೊಗರಿ_ಲೆಕ್ಕ

ಟೀಚರ್ ಅಕ್ಕಾ, ಅದೇ ನನ್ನ ತಕರಾರು. ಆ ಹುಡುಗ ಇನ್ನೂ ಹತ್ತು ವರ್ಷಕ್ಕೆ ದುಡಿಯಲು ಬರುತ್ತಾನೆ. ದುಡಿಯುತ್ತಿರುವವರು ಇವತ್ತು ಕೂತಿದ್ದಾರೆ. ಎಡಗಡೆ ಇದ್ದದ್ದನ್ನು ಎಡಗಡೆಯೇ ಇಟ್ಟು, ಬೇಕಾದವರು ಮಧ್ಯಕ್ಕೆ ಮಾಡಿಕೊಳ್ಳಿ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ನಮ್ಮ ಮಿಲ್ ಮಾಲೀಕರಿಗೆ ಸೆಟ್ಟಿಂಗ್ಸ್ ಎಲ್ಲಿದೆ ಅಂತಲೇ ಗೊತ್ತಿಲ್ಲ. ಹೊಸ ಸಿಸ್ಟಮ್ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ಅವರು ಇನ್ನೂ ತೆಗೆದಿಲ್ಲ.

ಪೆಂಗ್ವಿನ್_ಪ್ರಿಯ (ಬೀದರ್)

ಇದು ಒಂದು ಕಂಪನಿಯ ರೋಗ ಅಲ್ಲ. ವಿಂಡೋಸ್ ಬದಲು ಲಿನಕ್ಸ್ ಬಳಸುವ ನಮ್ಮ ಓಣಿಯಲ್ಲೂ ಇದೇ ಜಗಳ ಆಗಿದೆ, ಇನ್ನೂ ಜೋರಾಗಿ. 2011ರ ಏಪ್ರಿಲ್‌ನಲ್ಲಿ ಲಿನಕ್ಸ್ ಪರದೆಗೆ ಹೊಸ ಮುಖ ಗ್ನೋಮ್ 3 ಬಂತು. ಅದೇ ತಿಂಗಳು ಉಬುಂಟು ಅನ್ನುವ ಲಿನಕ್ಸ್‌ನ 11.04 ಆವೃತ್ತಿಯಲ್ಲಿ ಯೂನಿಟಿ ಅನ್ನುವ ಇನ್ನೊಂದು ಮುಖ. ಎರಡೂ ಹಳೇ ಮೆನು, ಹಳೇ ಪಟ್ಟಿ ಕಿತ್ತುಹಾಕಿದವು. ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಆ ವರ್ಷ ಗ್ನೋಮ್ 3 ಬೇಡ ಅಂತ ಎಕ್ಸ್‌ಎಫ್‌ಸಿಇ ಅನ್ನುವ ಬೇರೆ ಮುಖಕ್ಕೆ ಹೋದರು.

ಆದರೆ ನಮ್ಮಲ್ಲಿ ಒಂದು ಅನುಕೂಲ. ಮನೆ ಇಷ್ಟವಾಗದಿದ್ದರೆ ಇಟ್ಟಿಗೆ ತಗೊಂಡು ಹೋಗಿ ಬೇರೆ ಕಟ್ಟಬಹುದು. ಹಳೇ ಗ್ನೋಮ್ 2 ಬೇಕು ಅಂದವರು ಅದನ್ನೇ ಮಾಟೆ ಅಂತ ಮುಂದುವರಿಸಿದರು. ಲಿನಕ್ಸ್ ಮಿಂಟ್‌ನವರು ಗ್ನೋಮ್ 3ರ ಅಡಿಪಾಯದ ಮೇಲೆ ಸಿನಮನ್ ಕಟ್ಟಿದರು, ಎಡಗಡೆ ಕೆಳಗೆ ಮೆನು ಇಟ್ಟು. ಉಬುಂಟು 2017ರ ಅಕ್ಟೋಬರ್‌ನಲ್ಲಿ ಯೂನಿಟಿ ಬಿಟ್ಟು ತಿರುಗಿ ಗ್ನೋಮ್‌ಗೇ ಬಂತು.

ಜಗತ್ ಅಣ್ಣಾ, ಆ ನಾಲ್ಕನೇ ಸಿಸ್ಟಮ್‌ಗೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಕಾಕಾನ ಮೂಲೆ ಅಲ್ಲೇ ಇರುತ್ತದೆ.

ಜಗತ್_ಡಿಟಿಪಿ

ಹಾಕಬಹುದು ತಮ್ಮಾ, ಆದರೆ ನುಡಿ? ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಕರಾರು ಪತ್ರ ಎಲ್ಲ ಹಳೇ ನುಡಿ ಫಾಂಟ್‌ನಲ್ಲಿವೆ. ಎಲ್ಲ ಸಿಸ್ಟಮ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಪುಟ ವಿನ್ಯಾಸದ ಹಳೇ ತಂತ್ರಾಂಶ ಪೇಜ್‌ಮೇಕರ್‌ನ ಫೈಲ್ ಬೇರೆ ರಾಶಿ ಇವೆ. ಸುಮ್ನೆ ಬಿಟ್ಟು ಬರಲು ಆಗಲ್ಲ.

ಪೆಂಗ್ವಿನ್_ಪ್ರಿಯ

ಅದು ಸರಿ. ಪೇಜ್‌ಮೇಕರ್ ಅಂದಮೇಲೆ ನನ್ನ ಬಾಯಿ ಬಂದ್.

ಬಿದ್ರಿ_ಮನೆಯವ (ಬೀದರ್)

ನಾನು ಆಪಲ್‌ನ ಮ್ಯಾಕ್ ಮೇಲೆ ಕೆಲಸ ಮಾಡುವವನು, ಕ್ಯಾಟಲಾಗ್ ಡಿಸೈನ್. 2025ರ ಸೆಪ್ಟೆಂಬರ್‌ನಲ್ಲಿ ಟಾಹೋ ಅಂತ ಹೊಸ ಆವೃತ್ತಿ ಬಂತು, ಸಂಖ್ಯೆ 26. ಪೂರ್ತಿ ಗಾಜಿನ ಅವತಾರ, ಹೆಸರೇ ಲಿಕ್ವಿಡ್ ಗ್ಲಾಸ್. ಮೆನು ಪಟ್ಟಿ ಪಾರದರ್ಶಕ, ಬಟನ್ ಹಿಂದಿನದೆಲ್ಲ ಮಸುಕಾಗಿ ಹೊಳೆಯುತ್ತದೆ. ನೋಡಲು ಚೆಂದ, ಸುಳ್ಳು ಹೇಳಲ್ಲ. ನನ್ನ ಹೆಂಡತಿ ನೋಡಿ "ಬಳೆ ಅಂಗಡಿ ಇದ್ದ ಹಾಗಿದೆ" ಅಂದಳು. ಹೊಗಳಿದ್ದೋ ಬೈದದ್ದೋ ಇನ್ನೂ ಗೊತ್ತಾಗಿಲ್ಲ. ಎಲ್ಲಾ ಆಪ್ ತೋರಿಸುತ್ತಿದ್ದ ಲಾಂಚ್‌ಪ್ಯಾಡ್ ಮಾತ್ರ ಹೋಯಿತು, ಬದಲಿಗೆ ಬೇರೆ ಒಂದು ಪಟ್ಟಿ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ಇದೆ, ಅಪ್ಪ ಈಗಲೂ ಮಾಡುತ್ತಾರೆ. ಸತು ತಾಮ್ರ ಕರಗಿಸಿ ಅಚ್ಚು ಹೊಯ್ದು, ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ಯಾಕೆ ಗೊತ್ತಾ? ಆಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಗೀಚಿದ ಗೆರೆ ಎದ್ದು ಕಾಣುತ್ತದೆ. ಆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿದ ಮೇಲೆ ಎಲ್ಲ ಬೆಳ್ಳಗೇ ಕಾಣುತ್ತದೆ, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗುವುದಿಲ್ಲ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಸೇರಿಸಿ ಬಿಸಿ ಮಾಡಿ ಹಚ್ಚಿದರೆ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಹೂಬಳ್ಳಿ ಕಾಣುವುದು ಆಗ. ಅಷ್ಟು ದಿನದ ಕೆಲಸಕ್ಕೆ ಬೆಲೆ ಬರುವುದು ಆ ಕೊನೆಯ ಕಪ್ಪಿನಿಂದ.

ಅಪ್ಪನಿಗೆ ಟಾಹೋ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಇನ್ನೂ ಮಣ್ಣು ಹಚ್ಚಿಲ್ಲ" ಅಂದರು.

ಕಣ್ಣಿಗೆ ತ್ರಾಸಾಗುವವರಿಗೆ: ಸಿಸ್ಟಮ್ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಡಿಸ್‌ಪ್ಲೇ, ಅಲ್ಲಿ ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ ಆನ್ ಮಾಡಿ. ಗಾಜು ಬಹಳಷ್ಟು ಗೋಡೆಯಾಗುತ್ತದೆ. ನಾನು ಮಾಡಿಕೊಂಡಿದ್ದೇನೆ.

ಕೊನೆ_ಬೆಂಚ್

ಅಪ್ಪಾಜಿ ಮಾತಿಗೆ ನಮಸ್ಕಾರ. ನಾನು ಸೋತೆ.

ಕೀಬೋರ್ಡೇ_ಕಣ್ಣು (ಕಲಬುರಗಿ)

ಚೆಂದ, ಗಾಜು, ಎಡ, ಬಲ. ನಾನು ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದೇನೆ, ಅದರ ಜೊತೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಡಬ್ಬಿಯೊಳಗಿಂದ ಬಂದ ಹಾಗೆ, ಆದರೂ ಓದುತ್ತದೆ.

ನಿಮ್ಮ ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದಿದ್ದು ಈ ಚರ್ಚೆ ಓದಿದ ಮೇಲೆ ನನಗೆ ಗೊತ್ತಾಯಿತು. ನಿಜವಾಗಿ. ವಿಂಡೋಸ್ ಕೀ ಒತ್ತಿ, ಹೆಸರಿನ ಮೂರು ಅಕ್ಷರ ಹೊಡೆದು, ಎಂಟರ್. ವಿಂಡೋಸ್ 7ರ ಕಾಲದಿಂದ ಹೀಗೇ ಮಾಡುತ್ತಿದ್ದೇನೆ. ನನ್ನ ಮನೆ ಬಾಗಿಲು ಸರಿದಿಲ್ಲ.

ನನಗೆ ತಟ್ಟಿದ್ದು ಬೇರೆ. ಕೀಬೋರ್ಡಿನಲ್ಲಿ ಮೆನು ಕೀ ಇರುತ್ತದಲ್ಲ, ಅದನ್ನು ಒತ್ತಿದರೆ ಮೊದಲು ಪೂರ್ತಿ ಪಟ್ಟಿ ಬರುತ್ತಿತ್ತು. ಎಷ್ಟು ಸಲ ಕೆಳಗೆ ಬಾಣ ಒತ್ತಿದರೆ ಏನು ಸಿಗುತ್ತದೆ ಅಂತ ಬಾಯಿಪಾಠ. ಈಗ ಚಿಕ್ಕ ಪಟ್ಟಿ ಬರುತ್ತದೆ, ಎಣಿಕೆಯೆಲ್ಲ ತಪ್ಪಿತು. ನಾನು ಮೆನು ಕೀ ಬಿಟ್ಟೆ, ಶಿಫ್ಟ್ ಎಫ್10 ಹಿಡಿದೆ. ಮೊದಲು ಎರಡೂ ಒಂದೇ ಕೆಲಸ ಮಾಡುತ್ತಿದ್ದವು, ಈಗ ಬೇರೆಬೇರೆ.

ಕಾಕಾಗೆ ಹೇಳಿ, ಮೌಸ್ ಬಿಟ್ಟು ನನ್ನ ಕಡೆ ಬನ್ನಿ ಅಂತ. ಅವರ ಬೆರಳು ಈಗಾಗಲೇ ಕುರುಡಾಗಿಯೇ ಓಡಾಡುತ್ತವೆ, ಕಲಿಯಲು ಎರಡು ದಿನ ಸಾಕು. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೋಲ್ಡರ್, ಆರ್ ಒತ್ತಿದರೆ ರನ್. 95ರಿಂದ ಇವತ್ತಿನವರೆಗೆ ಅವು ಹಾಗೇ ಇವೆ. ವಿಂಡೋಸ್ 10ರಿಂದ ಬಂದದ್ದು ಒಂದಿದೆ, ವಿಂಡೋಸ್ ಜೊತೆ ವಿ. ಒಮ್ಮೆ ಆನ್ ಮಾಡಿದರೆ ಆಮೇಲೆ ಕಾಪಿ ಮಾಡಿದ ಇತ್ತೀಚಿನವನ್ನು ಪಟ್ಟಿ ಮಾಡಿಕೊಡುತ್ತದೆ. ಅರ್ಜಿ ತುಂಬುವವರಿಗೆ ಅದು ಬಂಗಾರ.

ಯಾದಗಿರಿ_ನಿವೃತ್ತ

ಕೀಬೋರ್ಡೇ ಕಣ್ಣು ಅವರೇ, ಒಳ್ಳೆಯ ಮಾತು ಹೇಳಿದಿರಿ. ನಾವು ಕಚೇರಿಯಲ್ಲಿ ಹಾರ್ಡ್‌ವೇರ್ ಬದಲಿಸಿದೆವು, ವಿಂಡೋಸ್ ಬದಲಿಸಿದೆವು, ಫಾಂಟ್ ಬದಲಿಸಿದೆವು. ಆದರೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಬದಲಾಗಲಿಲ್ಲ. ಕನ್ನಡ ಗಣಕ ಪರಿಷತ್ತು ತಂದ ನುಡಿಯಲ್ಲೂ ಅದೇ. ಕ ಒತ್ತುವ ಬೆರಳು ಇವತ್ತೂ ಕೆ ಮೇಲೇ ಹೋಗುತ್ತದೆ. ಪರದೆ ಎಷ್ಟು ಕುಣಿದರೂ ನಮ್ಮ ಗುಮಾಸ್ತರು ಉಳಿದುಕೊಂಡದ್ದು ಅದರಿಂದ.

ಶಹಾಪುರ_ಜೆರಾಕ್ಸ್ (ಯಾದಗಿರಿ ಜಿಲ್ಲೆ)

ನುಡಿ ಮಾತು ಬಂತು, ಅದಕ್ಕೆ ಕೇಳ್ತೀನಿ. 11ಕ್ಕೆ ಬಂದ ಮೇಲೆ ನುಡಿ ಐಕಾನ್ ಕೆಳಗೆ ಗಡಿಯಾರದ ಹತ್ತಿರ ಕಾಣ್ತಾನೇ ಇಲ್ಲ. ಕನ್ನಡ ಆನ್ ಇದೆಯೋ ಇಂಗ್ಲಿಷ್ ಇದೆಯೋ ಗೊತ್ತಾಗಲ್ಲ. ನಿನ್ನೆ ಒಬ್ಬರ ವಂಶವೃಕ್ಷ ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ, ತಲೆ ಎತ್ತಿ ನೋಡಿದರೆ ಮಂತ್ರ ಬರೆದ ಹಾಗಿತ್ತು.

ಇನ್ನೊಂದು, ಹೊಸ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೋಲ್ ಲಾಕ್ ಕೀ ಇಲ್ಲ. ನನ್ನ ನುಡಿ ಆನ್ ಆಫ್ ಆಗೋದು ಅದರಲ್ಲೇ. ಏನು ಮಾಡಲಿ?

ಹಾರ್ಡ್‌ವೇರ್_ಹುಡುಗ

ಐಕಾನ್ ಓಡಿಹೋಗಿಲ್ಲ ಅಣ್ಣಾ, ಗಡಿಯಾರದ ಪಕ್ಕ ಇರುವ ಚಿಕ್ಕ ಬಾಣದೊಳಗೆ ಅವಿತುಕೊಂಡಿದೆ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅದರ್ ಸಿಸ್ಟಮ್ ಟ್ರೇ ಐಕಾನ್ಸ್ ಅಂತ ಇದೆ. ಅಲ್ಲಿ ನುಡಿ ಹುಡುಕಿ ಆನ್ ಮಾಡಿ, ಹೊರಗೇ ನಿಲ್ಲುತ್ತದೆ.

ಸ್ಕ್ರೋಲ್ ಲಾಕ್‌ಗೆ ಈಗಿನ ಮಟ್ಟಿಗೆ ಆನ್ ಸ್ಕ್ರೀನ್ ಕೀಬೋರ್ಡ್ ತೆರೆಯಿರಿ, ಬಲಗಡೆ ಆ ಕೀ ಇರುತ್ತದೆ. ದಿನಾ ಟೈಪ್ ಮಾಡೋರಾದರೆ ಪೂರ್ತಿ ಸೈಜಿನ ಯುಎಸ್‌ಬಿ ಕೀಬೋರ್ಡ್ ತಗೊಳ್ಳಿ. ಕೊಳ್ಳುವ ಮುಂಚೆ ಡಬ್ಬಿ ತೆಗೆಸಿ ನೋಡಿ, ಈಗ ಕೆಲವದರಲ್ಲಿ ಆ ಕೀ ಇರಲ್ಲ.

ಶಹಾಪುರ_ಜೆರಾಕ್ಸ್

ಐಕಾನ್ ಬಂತು! ಪುಣ್ಯ ಬರಲಿ ನಿಮಗೆ.

ತೊಗರಿ_ಲೆಕ್ಕ

ನನಗೂ ಒಂದು ಸಿಹಿ ಸುದ್ದಿ ಇದೆ. ಇಷ್ಟು ದಿನ ಟಾಸ್ಕ್‌ಬಾರ್‌ನಲ್ಲಿ ತೆರೆದ ಫೈಲ್‌ಗಳೆಲ್ಲ ಒಂದೇ ಐಕಾನ್ ಕೆಳಗೆ ಗುಂಪಾಗಿ ಕೂರುತ್ತಿದ್ದವು. ಹೆಸರು ಕಾಣುತ್ತಿರಲಿಲ್ಲ. ಆರು ಎಕ್ಸೆಲ್ ಇದ್ದರೆ ಯಾವುದು ಖರೀದಿ ಯಾವುದು ಹಮಾಲಿ ಅಂತ ಹುಡುಕಬೇಕಿತ್ತು. ಅದನ್ನು ಬಿಡಿಸಿ ಹೆಸರು ತೋರಿಸುವ ಆಯ್ಕೆ 2023ರಲ್ಲೇ ವಾಪಸ್ ಬಂದಿದೆಯಂತೆ. ನನಗೆ ನಿನ್ನೆ ಗೊತ್ತಾಯಿತು! ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ ಕಂಬೈನ್ ಅಂತ ಇರುವಲ್ಲಿ ನೆವರ್ ಮಾಡಿ. ಫೈಲ್ ಎಳೆದು ಟಾಸ್ಕ್‌ಬಾರ್ ಮೇಲೆ ತರುವುದನ್ನೂ ಮೊದಲು ತೆಗೆದಿದ್ದರು, 2022ರಲ್ಲಿ ಅದೂ ಬಂತು. ಎಲ್ಲ ಸುತ್ತಿ ಸುತ್ತಿ ಕೊನೆಗೆ ಹಳೇ ಗಂಡನ ಪಾದವೇ ಗತಿ.

ಕೊನೆ_ಬೆಂಚ್

ಲೆಕ್ಕದ ಅಣ್ಣಾ, ಖುಷಿ ಪಡಬೇಡಿ. 2025ರ ಕೊನೆಗೆ ಸ್ಟಾರ್ಟ್ ಮೆನು ಮತ್ತೆ ಬದಲಾಗಿದೆ. ಈಗ ಎಲ್ಲಾ ಆಪ್ ಒಂದೇ ಪುಟದಲ್ಲಿ, ಕೆಳಗೆ ಎಳೆದರೆ ಸಾಕು. ಗುಂಪು, ಚೌಕ, ಪಟ್ಟಿ ಅಂತ ಮೂರು ತರಹ. ಕೆಳಗಿದ್ದ ರೆಕಮೆಂಡೆಡ್ ಭಾಗವನ್ನು ಪೂರ್ತಿ ತೆಗೆದುಹಾಕಬಹುದು. ನನಗೆ ತುಂಬ ಇಷ್ಟ. ಒಂದೇ ಕೊರತೆ, ಗುಂಪು ಅದೇ ಮಾಡಿಕೊಳ್ಳುತ್ತದೆ, ನಮಗೆ ಬೇಕಾದ ಗುಂಪು ಮಾಡಲು ಬಿಡಲ್ಲ.

ತೊಗರಿ_ಲೆಕ್ಕ

ಯಪ್ಪಾ! ಸೀಸನ್ ಮುಗಿಯುವ ತನಕ ನಮ್ಮ ಮಿಲ್‌ಗೆ ಅದು ಬರದಿರಲಿ.

ಬಿದ್ರಿ_ಮನೆಯವ

ಹಾರ್ಡ್‌ವೇರ್ ತಮ್ಮಾ, ಏರದ ಸಿಸ್ಟಮ್‌ಗಳಿಗೆ ಏನಾದರೂ ದಾರಿ ಇದೆಯಾ? ಅಪ್ಪನ ಬಿಲ್ಲಿಂಗ್ ಹಳೇ ಡೆಸ್ಕ್‌ಟಾಪ್‌ನಲ್ಲಿದೆ.

ಹಾರ್ಡ್‌ವೇರ್_ಹುಡುಗ

ಮನೆಯ ಸಿಸ್ಟಮ್ ಆದರೆ 2026ರ ಅಕ್ಟೋಬರ್ 13ರ ತನಕ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ, ಹತ್ತರಲ್ಲೇ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ಅಂತ ಇರುತ್ತದೆ, ಅಕೌಂಟ್ ಹಾಕಿ ಒಳಗೆ ಹೋಗಬೇಕು. ಕಂಪನಿ, ಆಫೀಸಿನವರಿಗೆ ಲೆಕ್ಕ ಬೇರೆ. ಅದರ ನಂತರ ಒಂದೋ ಹೊಸ ಮಷೀನ್, ಇಲ್ಲಾ ಪೆಂಗ್ವಿನ್ ಅಣ್ಣನ ದಾರಿ. ಇಂಟರ್‌ನೆಟ್ ಇಲ್ಲದೆ ಬರೀ ಬಿಲ್ ಹೊಡೆಯುವುದಾದರೆ ನಾನಾದರೂ ವೈರ್ ಕಿತ್ತು ಹಾಗೇ ಬಿಡುತ್ತೇನೆ. ಯಾರೋ ಬಂದು ಹೆದರಿಸಿದರು ಅಂತ ಗಟ್ಟಿ ಮಷೀನ್ ಗುಜರಿಗೆ ಹಾಕಬೇಡಿ.

ಜಗತ್_ಡಿಟಿಪಿ

ಹದಿನೈದು ದಿನದ ಮೇಲೆ ಬಂದೆ, ತಪ್ಪು ತಿಳಿಯಬೇಡಿ. ಮದುವೆ ಸೀಸನ್, ಪತ್ರಿಕೆ ಕೆಲಸ ಜಾಸ್ತಿ.

ಕಾಕಾ ಸುದ್ದಿ ಹೇಳುತ್ತೇನೆ. ಅವರ ಸಿಸ್ಟಮ್ ಎಡಕ್ಕೆ, ವಿಜೆಟ್ ಇಲ್ಲ. ಶಿಫ್ಟ್ ಎಫ್10 ಕಲಿತರು. ಕೀಬೋರ್ಡೇ ಕಣ್ಣು ಸರ್ ಹೇಳಿದ ವಿಂಡೋಸ್ ವಿ ನೋಡಿ ಮಾತ್ರ ಮಗುವಿನ ಹಾಗೆ ಖುಷಿಪಟ್ಟರು. ಒಂದೇ ಊರು, ಒಂದೇ ತಾಲೂಕು, ಒಂದೇ ಪಿನ್‌ಕೋಡ್ ಎಷ್ಟು ಸಲ ಹೊಡೆದಿದ್ದಾರೋ ಜೀವನದಲ್ಲಿ. ಈಗ ಒಮ್ಮೆ ಕಾಪಿ ಮಾಡಿ ಇಟ್ಟುಕೊಳ್ಳುತ್ತಾರೆ. ಆಧಾರ್ ನಂಬರ್ ಕೂಡ ಆ ಪಟ್ಟಿಯಲ್ಲಿ ಉಳಿಯುತ್ತದೆ ಅಂತ ಗೊತ್ತಾದ ಮೇಲೆ ಪ್ರತಿ ಗಿರಾಕಿ ಹೋದ ಕೂಡಲೇ ಕ್ಲಿಯರ್ ಆಲ್ ಒತ್ತುವುದನ್ನೂ ಅವರೇ ಶುರು ಮಾಡಿದರು. ನಾನು ಹೇಳಿರಲಿಲ್ಲ.

ಆದರೆ ಅಂಗಡಿಯಲ್ಲಿ ಇನ್ನೊಬ್ಬಳು ಹುಡುಗಿ ಇದ್ದಾಳೆ, ಡಿಗ್ರಿ ಓದುತ್ತಾ ಸಂಜೆ ಬರುತ್ತಾಳೆ. ಅವಳ ಸಿಸ್ಟಮ್ ಎಡಕ್ಕೆ ಮಾಡಲು ಹೋದೆ. "ಅಣ್ಣಾ ಬೇಡ, ನನಗೆ ಮಧ್ಯದಲ್ಲೇ ಇರಲಿ" ಅಂದಳು. ಇರಲಿ ಬಿಟ್ಟೆ. ಈಗ ಒಂದೇ ಟೇಬಲ್, ಎರಡು ಮೂಲೆ. ಮೊನ್ನೆ ಕಾಕಾನ ಸಿಸ್ಟಮ್ ಪ್ರಿಂಟರ್ ಜೊತೆ ಮುನಿಸಿಕೊಂಡಿತು ಅಂತ ಅವರು ಅವಳ ಕುರ್ಚಿಯಲ್ಲಿ ಕೂತರು. ಕೈ ಮೂಲೆಗೆ ಹೋಯಿತು. ವಿಜೆಟ್ ತೆರೆದುಕೊಂಡಿತು. ಕಾಕಾ ಈ ಸಲ ಗಾಬರಿಯಾಗಲಿಲ್ಲ. ಎಸ್ಕೇಪ್ ಒತ್ತಿದರು, ಮುಚ್ಚಿತು. ಪಕ್ಕದಲ್ಲಿದ್ದ ಗಿರಾಕಿಗೆ "31 ಡಿಗ್ರಿಯಂತ್ರೀ" ಅಂದರು.

ನಾಲ್ಕನೇ ಸಿಸ್ಟಮ್ ಹತ್ತರಲ್ಲೇ ಇದೆ, ನೆಟ್ ಕಿತ್ತಿದ್ದೇನೆ. ಪೇಜ್‌ಮೇಕರ್ ಅದರಲ್ಲೇ. ಪೆಂಗ್ವಿನ್ ತಮ್ಮಾ, ಮಿಂಟ್ ಪೆನ್‌ಡ್ರೈವ್ ಮಾತ್ರ ಒಂದು ಮಾಡಿ ಕಳಿಸು, ಭಾನುವಾರ ಅಂಗಡಿ ಮುಚ್ಚಿದ ಮೇಲೆ ಮನೆಯ ಹಳೇ ಲ್ಯಾಪ್‌ಟಾಪ್‌ಗೆ ಹಾಕಿ ನೋಡುತ್ತೇನೆ.

ಶಹಾಪುರ ಅಣ್ಣಾ, ಸ್ಕ್ರೋಲ್ ಲಾಕ್ ಇರುವ ಕೀಬೋರ್ಡ್ ಇಲ್ಲೇ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಿತು. ಎರಡು ತಂದಿದ್ದೇನೆ. ಈ ಕಡೆ ಬಂದರೆ ಒಂದು ತಗೊಂಡು ಹೋಗಿ.

ಶಹಾಪುರ_ಜೆರಾಕ್ಸ್

ಗುರುವಾರ ಬರ್ತೀನಿ ಅಣ್ಣಾ. ಕಾಕಾಗೂ ಹೇಳಿ, ಚಹಾ ನನ್ನದು.